ಡಿಸೈನರ್ ಬ್ಯಾಗ್ ಬೆಲೆಗೆ ತಕ್ಕದ್ದಾ? ಎಂಟು ವರ್ಷ ಬೀರುವಿನಲ್ಲಿಟ್ಟು ಕಳ್ಕೊಂಡವಳ ಉತ್ತರ

"ಮೊದಲ ಸಲ ಇಷ್ಟು ದೊಡ್ಡ ಬೋನಸ್ ಬಂದಿದೆ, ಒಂದು ಡಿಸೈನರ್ ಬ್ಯಾಗ್ ತಗೊಂಡ್ರೆ ದುಡ್ಡಿಗೆ ಮೋಸ ಇಲ್ವಾ, ಜೋಪಾನವಾಗಿ ಎತ್ತಿಟ್ರೆ ಮುಂದೆ ಮಾರಬಹುದು ಅಂತಾರಲ್ಲ ನಿಜಾನಾ" ಅಂತ ಕೇಳಿದೀರ. ಆ "ಜೋಪಾನವಾಗಿ ಎತ್ತಿಟ್ರೆ" ಅನ್ನೋದನ್ನ ಓದಿದ ತಕ್ಷಣ ನನಗೆ ಎದೆ ಧಸಕ್ ಅಂತು. ಹನ್ನೆರಡು ವರ್ಷದ ಹಿಂದೆ ನಮ್ಮ ಅಕ್ಕನ ಮುಂದೆ ನಾನು ಅಕ್ಷರಕ್ಕೆ ಅಕ್ಷರ ಇದೇ ಮಾತು ಹೇಳಿದ್ದೆ.

ಆಗ ಕೆಲಸಕ್ಕೆ ಸೇರಿ ಮೂರನೇ ವರ್ಷ. ಲ್ಯಾಪ್‌ಟಾಪು, ನೀರಿನ ಬಾಟ್ಲಿ, ಛತ್ರಿ ಎಲ್ಲ ತುರುಕಿಕೊಂಡು ಓಡಾಡ್ತಿದ್ದ ಒಂದು ಬಟ್ಟೆ ಬ್ಯಾಗಿತ್ತು, ಹಿಡಿ ಹತ್ರ ಎರಡು ಸಲ ಹೊಲಿಗೆ ಹಾಕಿಸಿದ್ದೆ. ಒಂದಿನ ಒಂದು ದೊಡ್ಡ ಮೀಟಿಂಗಲ್ಲಿ ನಮ್ಮ ಸೀನಿಯರ್ ಮೇಡಮ್ ಪಕ್ಕದಲ್ಲೇ ಕೂತ್ರು, ಅವರ ಬ್ಯಾಗನ್ನ ಮೇಜಿನ ಮೇಲಿಟ್ರು, ನಾನು ನನ್ನದನ್ನ ಕಾಲಲ್ಲೇ ಮೆಲ್ಲಗೆ ಕುರ್ಚಿ ಕೆಳಗೆ ತಳ್ಳಿದೆ. ಯಾರೂ ಏನೂ ಅಂದಿರಲಿಲ್ಲ, ಯಾರೂ ನೋಡಿರ್ಲೂ ಇಲ್ಲ ಅನ್ಸುತ್ತೆ, ಆದ್ರೆ ಆ ಕಾಲಲ್ಲಿ ತಳ್ಳಿದ್ದು ನನ್ನ ಮನಸ್ಸಿಂದ ಹೋಗ್ಲೇ ಇಲ್ಲ. ಅವತ್ತಿಂದ 14 ತಿಂಗಳು ಪ್ರತಿ ತಿಂಗಳೂ ಸಂಬಳ ಬಂದ ದಿನವೇ ಒಂದಿಷ್ಟು ಬೇರೆ ಅಕೌಂಟಿಗೆ ಹಾಕಿ ಹಾಕಿ ಬ್ಯಾಗ್ ತಗೊಂಡೆ. ಬ್ರ್ಯಾಂಡ್ ಹೆಸರು ಹೇಳಲ್ಲ, ನೀವು ಕೇಳಿರೋ ಹೆಸರೇ.

ಅಂಗಡಿಯವರು ಬಿಳಿ ಗ್ಲೌಸ್ ಹಾಕ್ಕೊಂಡು ತೆಗೆದು ತೋರಿಸಿದ್ರು. ನಾನು ಕೇಳಿದ ಪ್ರಶ್ನೆ ಒಂದೇ, ಬಿಲ್ ಕೊಡ್ತೀರಾ, ಒರಿಜಿನಲ್ ಅಂತ ಕಾರ್ಡ್ ಬರುತ್ತಾ ಅಂತ. ಯಾವ ಚರ್ಮ ಅಂತ ಕೇಳ್ಲಿಲ್ಲ, ಒಳಗಿನ ಲೈನಿಂಗ್ ಏನು ಅಂತ ಕೇಳ್ಲಿಲ್ಲ, ಹರಿದ್ರೆ ಯಾರು ರಿಪೇರಿ ಮಾಡ್ತಾರೆ ಅಂತನೂ ಕೇಳ್ಲಿಲ್ಲ. ಅಷ್ಟು ದುಡ್ಡಿನ ವಸ್ತು ಹರಿಯುತ್ತೆ ಅನ್ನೋ ಯೋಚನೆಯೇ ಬರ್ಲಿಲ್ಲ ನನಗೆ.

ಈಗ ಆ ತಪ್ಪಿನ ವಿಷಯ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ದಯವಿಟ್ಟು ಓದಿ, ಯಾಕಂದ್ರೆ ನೀವು ಮಾಡೋಕೆ ಹೊರಟಿರೋದು ಅದನ್ನೇ. ಮನೆಗೆ ತಂದ ದಿನ ಬ್ಯಾಗನ್ನ ಅದರ ಜೊತೆ ಕೊಟ್ಟ ಬಟ್ಟೆ ಚೀಲದೊಳಗೆ ಹಾಕಿದೆ, ಅದು ಸರಿಯಾಗೇ ಇತ್ತು, ಅಲ್ಲಿಗೇ ಬಿಟ್ಟಿದ್ರೆ ಸಾಕಿತ್ತು. ಬಟ್ಟೆ ಮೂಲಕ ಧೂಳು ಹೋದ್ರೆ ಅಂತ ಅದರ ಮೇಲೊಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿದೆ. ಗಾಳಿ ಹೋಗ್ಬಾರ್ದು ಅಂತ ಕವರಿನ ಬಾಯಿಗೆ ಟೇಪ್ ಸುತ್ತಿದೆ. ಆಮೇಲೆ ಅದನ್ನ ಅದರ ಡಬ್ಬದೊಳಗಿಟ್ಟು, ಡಬ್ಬನ ಬೀರುವಿನ ಮೇಲಿನ ಖಾನೆಯಲ್ಲಿ, ಗೋಡೆ ಕಡೆಗೆ, ಕಂಬಳಿಗಳ ಹಿಂದೆ ಇಟ್ಟೆ. ಬಿಲ್ಲು ಕಳೆದು ಹೋಗ್ಬಾರ್ದು ಅಂತ ಮಡಚಿ ಬ್ಯಾಗಿನ ಒಳಜೇಬಲ್ಲೇ ಇಟ್ಟೆ. ಒಂದೊಂದನ್ನೂ ಪ್ರೀತಿಯಿಂದ ಮಾಡಿದೆ. ಒಂದೊಂದೂ ತಪ್ಪೇ. ಗಾಳಿ ಆಡ್ಬೇಕಾದ ವಸ್ತುವನ್ನ ತೇವದ ಜೊತೆ ಸೇರಿಸಿ ಸೀಲ್ ಮಾಡಿದ್ದೆ ನಾನು.

ಎಂಟು ವರ್ಷದಲ್ಲಿ ಅದನ್ನ ಹೊರಗೆ ತಗೊಂಡು ಹೋಗಿದ್ದು ಆರೇ ಸಲ, ಆ ಆರು ಸಲವೂ ಮೊದಲ ನಾಲ್ಕು ವರ್ಷದೊಳಗೇ. ಮೋಡ ಇದ್ರೆ ಬೇಡ, ಬಸ್ಸಲ್ಲಿ ಹೋಗೋದಾದ್ರೆ ಬೇಡ, ಮಕ್ಕಳಿರೋ ಮನೆಗೆ ಬೇಡ. ಒಂದ್ಸಲ ಒಂದು ಫಂಕ್ಷನ್‌ಗೆ ತಗೊಂಡು ಹೋಗಿ ನೆಲದ ಮೇಲಿಡೋಕೆ ಮನಸ್ಸು ಬಾರದೆ ಮೂರು ಗಂಟೆ ತೊಡೆ ಮೇಲಿಟ್ಕೊಂಡು ಕೂತಿದ್ದೆ, ಯಾರ ಜೊತೆ ಏನು ಮಾತಾಡಿದೆ ಅಂತನೂ ನೆನಪಿಲ್ಲ. ಆಫೀಸಿಗೆ ಮಾತ್ರ ಒಂದಿನವೂ ತಗೊಂಡು ಹೋಗ್ಲಿಲ್ಲ. ಯಾವ ಮೇಜಿನ ಮೇಲಿಡ್ಬೇಕು ಅಂತ ಅದನ್ನ ತಗೊಂಡಿದ್ನೋ ಆ ಮೇಜನ್ನ ಅದು ನೋಡ್ಲೇ ಇಲ್ಲ. ಬಳಸದೆ ಇದ್ದಷ್ಟೂ ಮಾರುವಾಗ ಜಾಸ್ತಿ ದುಡ್ಡು ಬರುತ್ತೆ ಅಂತ ಒಂದು ಲೆಕ್ಕ ತಲೇಲಿ ಕೂತಿತ್ತು, ಹಾಗಾಗಿ ಬಟ್ಟೆ ಬ್ಯಾಗಿಗೆ ಮೂರನೇ ಸಲ ಹೊಲಿಗೆ ಹಾಕಿಸ್ಕೊಂಡು ಓಡಾಡ್ತಿದ್ದೆ.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಆಪರೇಷನ್ ಆಗ್ಬೇಕಾಯ್ತು, ತಕ್ಷಣ ದುಡ್ಡು ಬೇಕಿತ್ತು. ಅಕ್ಕ ತನ್ನ ಪಾಲು ಎಷ್ಟು ಅಂತ ಹೇಳಿದ್ಲು, ನನ್ನ ಪಾಲಿಗೆ ಸ್ವಲ್ಪ ಕಮ್ಮಿ ಬೀಳ್ತಿತ್ತು, ನಾನು ಧೈರ್ಯವಾಗಿ "ನೀನು ಯೋಚನೆ ಮಾಡ್ಬೇಡ ಅಕ್ಕ, ಬ್ಯಾಗಿದೆಯಲ್ಲ, ಅದನ್ನ ಮಾರಿ ಕೊಡ್ತೀನಿ" ಅಂದೆ. ಅವತ್ತು ರಾತ್ರಿ ಡಬ್ಬ ಇಳಿಸಿ ಟೇಪ್ ಬಿಚ್ಚಿದೆ. ಮೊದಲು ಬಂದಿದ್ದು ವಾಸನೆ, ಹುಳಿ ಹುಳಿ, ಹಳೇ ಗೋಂದು ಕೊಳೆತ ಹಾಗೆ. ಹೊರಗಿಂದ ನೋಡೋಕೆ ಚೆನ್ನಾಗೇ ಇತ್ತು, ಹೊಸದರ ಹಾಗೇ ಹೊಳೀತಿತ್ತು. ಬಿಲ್ಲಿಗೆ ಅಂತ ಒಳಜೇಬಿಗೆ ಕೈ ಹಾಕಿದ್ರೆ ಬೆರಳು ಅಂಟ್ಕೊಳ್ತು. ಬೆಲ್ಲದ ಪಾಕಕ್ಕೆ ಬೆರಳು ಅದ್ದಿದ ಹಾಗೆ, ಎಳೆದ್ರೆ ಕಪ್ಪು ಕಪ್ಪು ಚೂರು ಬೆರಳಿಗೆ ಮೆತ್ತಿಕೊಂಡು ಬಂತು. ಬಿಲ್ಲು ಜೇಬಿನ ಗೋಡೆಗೆ ಅಂಟಿ ಹೋಗಿತ್ತು, ಮೆಲ್ಲಗೆ ಎಬ್ಬಿಸೋಕೆ ಹೋದೆ, ಅರ್ಧ ಅಲ್ಲೇ ಉಳೀತು, ಕೈಗೆ ಬಂದ ಅರ್ಧದಲ್ಲಿ ಅಕ್ಷರವೇ ಇರ್ಲಿಲ್ಲ. ಹಿಡಿಯ ಅಂಚಿಗೆ ಹಚ್ಚಿರ್ತಾರಲ್ಲ ಆ ಬಣ್ಣ ಮೆತ್ತಗಾಗಿ ಬಟ್ಟೆ ಚೀಲದ ನೂಲು ಅದಕ್ಕೆ ಅಂಟಿ ಕೂತಿತ್ತು. ನೆಲದ ಮೇಲೆ ಕೂತು ಅಷ್ಟು ಹೊತ್ತು ಬೆರಳು ಒರೆಸ್ಕೊಂಡೆ, ಹೋಗ್ಲಿಲ್ಲ, ಎಣ್ಣೆ ಹಚ್ಚಿ ತೊಳೀಬೇಕಾಯ್ತು.

ಹಳೇ ಬ್ರ್ಯಾಂಡ್ ಬ್ಯಾಗ್ ಕೊಳ್ಳೋರು ಮೂರು ಕಡೆ ಕೇಳಿದೆ. ಇಬ್ಬರು ಫೋಟೋ ನೋಡಿಯೇ ಬೇಡ ಅಂದ್ರು. ಮೂರನೆಯವರು ಕೈಗೆ ತಗೊಂಡು, ಜೇಬಿಗೆ ಒಂದು ಬೆರಳು ಹಾಕಿ ವಾಪಸ್ ತೆಗೆದು, "ಮೇಡಮ್, ಇದನ್ನ ದಿನಾ ಬಳಸಿದ್ರೆ ಇದಕ್ಕಿಂತ ಜಾಸ್ತಿ ಕೊಡ್ತಿದ್ದೆ" ಅಂದ್ರು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಒಂದು ನಿಮಿಷ ಮಾತಾಡ್ಲಿಲ್ಲ, ಆಮೇಲೆ "ಇರ್ಲಿ ಬಿಡು, ಅಪ್ಪಂಗೆ ಹೇಳ್ಬೇಡ" ಅಂದು ನನ್ನ ಪಾಲಿಂದೂ ಸೇರಿಸಿ ಅವಳೇ ಕಳಿಸಿದ್ಲು. ಆ ದುಡ್ಡನ್ನ ನಾನು ಎರಡು ವರ್ಷ ತೀರಿಸ್ದೆ. ಬ್ಯಾಗಿಗೆ ಉಳಿಸೋಕೆ 14 ತಿಂಗಳು, ಬ್ಯಾಗಿಂದ ಬಾರದೆ ಹೋದ ದುಡ್ಡನ್ನ ತೀರಿಸೋಕೆ 24 ತಿಂಗಳು.

ಯಾಕೆ ಹೀಗಾಯ್ತು ಅಂತ ನನಗೆ ಅರ್ಥ ಮಾಡಿಸಿದ್ದು ಬ್ಯಾಗು, ಬೆಲ್ಟು ರಿಪೇರಿ ಮಾಡೋ ಒಬ್ಬ ಹಿರಿಯರು. ಲೈನಿಂಗ್ ಬಿಚ್ಚಿ ತೋರಿಸಿದ್ರು. ಒಳಗೆ ಬಟ್ಟೆ ಮೇಲೆ ಪಿಯು ಅಂತಾರಲ್ಲ, ಪಾಲಿಯುರಿಥೇನ್, ಅದರ ತೆಳು ಪದರ. ಅದು ಗಾಳೀಲಿರೋ ತೇವದ ಜೊತೆ ಸೇರಿ ತಾನಾಗೇ ಒಡೀತಾ ಹೋಗುತ್ತಂತೆ, ಇದಕ್ಕೆ ಹೈಡ್ರಾಲಿಸಿಸ್ ಅಂತಾರೆ, ಮೊದಲು ಅಂಟಂಟಾಗುತ್ತೆ, ಆಮೇಲೆ ಸಿಪ್ಪೆ ಏಳುತ್ತೆ, ಬಳಸಿದ್ರೂ ಆಗುತ್ತೆ ಬಳಸದಿದ್ರೂ ಆಗುತ್ತೆ, ತೇವ ಒಳಗೇ ಉಳ್ಕೊಳ್ಳೋ ಹಾಗೆ ಪ್ಲಾಸ್ಟಿಕ್ಕಲ್ಲಿ ಕಟ್ಟಿಟ್ರೆ ಬೇಗ ಆಗುತ್ತೆ. ಎಷ್ಟೋ ವರ್ಷ ಎತ್ತಿಟ್ಟ ಸ್ಪೋರ್ಟ್ಸ್ ಶೂ ಹಾಕ್ಕೊಂಡ ದಿನವೇ ತಳ ಪುಡಿಪುಡಿಯಾಗೋದು ನೋಡಿರ್ತೀರಲ್ಲ, ಅದೇ ಕಥೆ. ಲೇಬಲ್ ಯಾವುದಾದ್ರೇನು, ಪಿಯುಗೆ ಅದು ಗೊತ್ತಾಗಲ್ಲ. ಹೊರಗಡೆ ಚರ್ಮನೂ ಪೂರ್ತಿ ಚರ್ಮ ಅಲ್ಲ, ಮೇಲ್ಪದರ ಸೀಳಿ ತೆಗೆದ ಮೇಲೆ ಉಳಿಯೋ ಕೆಳಪದರಕ್ಕೆ ಬಣ್ಣದ ಕೋಟಿಂಗ್ ಕೊಟ್ಟು ಮೇಲೆ ಗೆರೆ ಒತ್ತಿದ್ರು. ಚರ್ಮ ಅಂತ ಬರೆದಿದ್ದು ಸುಳ್ಳಲ್ಲ, ಚರ್ಮವೇ, ಆದ್ರೆ ನಾನು ಅಂದ್ಕೊಂಡ ಚರ್ಮ ಅಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಬ್ಯಾಗು ಇನ್ವೆಸ್ಟ್‌ಮೆಂಟ್ ಅಲ್ಲ. ಖರ್ಚು. ಬೇಕಾದ್ರೆ ಖುಷಿಯ ಖರ್ಚು ಅನ್ನಿ, ಅದರಲ್ಲಿ ತಪ್ಪೇನಿಲ್ಲ, ಆದ್ರೆ ಖರ್ಚು ಅಂತಲೇ ಬರ್ಕೊಳ್ಳಿ. ಅಂಗಡಿ ಬೆಲೆಗಿಂತ ಜಾಸ್ತಿಗೆ ಹಳೇದು ಮಾರಾಟ ಆಗೋದು ಫ್ರಾನ್ಸಿನ ಏರ್ಮೆಸ್ ಕಂಪನಿಯ ಬರ್ಕಿನ್, ಕೆಲ್ಲಿ ಥರ ಬೆರಳೆಣಿಕೆಯಷ್ಟು ಬ್ಯಾಗು, ಅವನ್ನ ನಾವು ಅಂಗಡಿಗೆ ಹೋಗಿ ದುಡ್ಡು ಕೊಟ್ಟ ತಕ್ಷಣ ಕೊಡೋದೂ ಇಲ್ಲ. ಉಳಿದ ಬಹುಪಾಲು ಬ್ಯಾಗುಗಳ ಬೆಲೆ ಅಂಗಡಿ ಬಾಗಿಲು ದಾಟಿದ ಕ್ಷಣವೇ ಇಳಿಯುತ್ತೆ. ಆ ಕೆಲವೇ ಬ್ಯಾಗುಗಳ ಸುದ್ದಿ ಹಿಡ್ಕೊಂಡು ಎಲ್ಲಾ ಬ್ಯಾಗಿಗೂ ಇನ್ವೆಸ್ಟ್‌ಮೆಂಟ್ ಅನ್ನೋ ಹೆಸರು ಹಚ್ಚಿ ಮಾರ್ತಾರೆ, ನಾನೂ ಹಾಗೇ ಬಿದ್ದೆ.

ಇನ್ನೊಂದು ವಿಷಯ ಗೊತ್ತಾದಾಗ ನನಗೆ ಹೊಟ್ಟೆ ಉರೀತು. ಬರ್ಕಿನ್ ಹುಟ್ಟಿದ್ದು ಹೇಗೆ ಅಂತ ಕೇಳಿರ್ತೀರ, ಪ್ಯಾರಿಸ್ಸಿಂದ ಲಂಡನ್‌ಗೆ ಹೋಗೋ ವಿಮಾನದಲ್ಲಿ ನಟಿ ಜೇನ್ ಬರ್ಕಿನ್ ಪಕ್ಕ ಏರ್ಮೆಸ್ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ ಕೂತಿದ್ರು, ಅವಳು ನನಗೆ ಸಾಮಾನು ಹಿಡಿಯೋ ಬ್ಯಾಗೇ ಸಿಗಲ್ಲ ಅಂದ್ಲು, 1984ರಲ್ಲಿ ಬ್ಯಾಗು ಬಂತು. ಅಂದ್ರೆ ಅದು ಸಾಮಾನು ತುಂಬೋಕೆ ಅಂತಲೇ ಹುಟ್ಟಿದ ಬ್ಯಾಗು. ಅವಳು ಅದನ್ನ ಹೇಗೆ ಬಳಸಿದ್ಲು ಗೊತ್ತಾ, ಮೇಲೆ ಸ್ಟಿಕ್ಕರ್ ಅಂಟಿಸಿ, ಉಗುರು ಕತ್ತರಿಸೋ ನೇಲ್ ಕಟರ್ ಸಿಕ್ಕಿಸ್ಕೊಂಡು, ಗೀರು ಬೀಳೋ ಹಾಗೆ ದಿನಾ ಬಳಸಿದ್ಲು, 1994ರಲ್ಲಿ ಏಡ್ಸ್ ಪೀಡಿತರ ನೆರವಿಗೆ ಹರಾಜಿಗೆ ಕೊಟ್ಟಳು. ಅದೇ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸಾದಬೀಸ್ ಹರಾಜಲ್ಲಿ ಸುಮಾರು 86 ಲಕ್ಷ ಯೂರೋಗೆ ಹೋಯ್ತು, ಸ್ಟಿಕ್ಕರ್ ಕಿತ್ತ ಗುರುತು, ಗೀರು ಎಲ್ಲದರ ಸಮೇತ. ಅದು ಅವಳ ಹೆಸರಿನ ಬೆಲೆ ಅಂತೀರ, ನಿಜ, ಅದನ್ನ ನೋಡಿ ನಮ್ಮ ಬ್ಯಾಗಿಗೆ ಲೆಕ್ಕ ಹಾಕೋಕಾಗಲ್ಲ. ನನ್ನ ಹೊಟ್ಟೆ ಉರಿದಿದ್ದು ಬೆಲೆಗಲ್ಲ. ಅವಳು ಅಷ್ಟು ವರ್ಷ ನೆಮ್ಮದಿಯಾಗಿ ಹೆಗಲಿಗೆ ಹಾಕ್ಕೊಂಡು ಓಡಾಡಿದ್ಲು, ನಾನು ನನ್ನದನ್ನ ಆರು ಸಲ ತೊಡೆ ಮೇಲಿಟ್ಕೊಂಡಿದ್ದೆ.

ಇನ್ನು ಬೆಲೆಗೆ ತಕ್ಕದ್ದಾ ಅನ್ನೋದಕ್ಕೆ ಬರ್ತೀನಿ. 2024ರ ಜೂನಲ್ಲಿ ಮಿಲಾನ್ ನ್ಯಾಯಾಲಯ ಡಿಯೊರ್ ಅನ್ನೋ ಫ್ಯಾಷನ್ ಕಂಪನಿಯ ಇಟಲಿಯ ಒಂದು ಉತ್ಪಾದನಾ ಘಟಕವನ್ನ ತಾನು ನೇಮಿಸಿದವರ ಮೇಲ್ವಿಚಾರಣೆಗೆ ಒಪ್ಪಿಸ್ತು, ಸಬ್‌ಕಾಂಟ್ರ್ಯಾಕ್ಟ್ ತಗೊಂಡವರ ಕಾರ್ಖಾನೆಗಳಲ್ಲಿ ಕೆಲಸಗಾರರನ್ನ ಹಿಂಡ್ತಿದ್ರು ಅನ್ನೋ ತನಿಖೆಯಲ್ಲಿ. ಅದರಲ್ಲಿ ಹೊರಬಂದ ಲೆಕ್ಕ ಏನಂದ್ರೆ, ಅಂಗಡೀಲಿ 2,600 ಯೂರೋಗೆ ಮಾರೋ ಒಂದು ಬ್ಯಾಗು ಜೋಡಿಸಿ ಕೊಟ್ಟವರಿಗೆ ಸಿಕ್ತಿದ್ದಿದ್ದು 53 ಯೂರೋ. ಚರ್ಮದ ದುಡ್ಡು ಇದರಲ್ಲಿ ಸೇರಿಲ್ಲ, ಅದನ್ನ ಬೇರೆ ಇಟ್ಕೊಳ್ಳಿ, ಅಂಗಡಿ ಬಾಡಿಗೆ, ಡಿಸೈನು, ಸಾಗಾಟ ಎಲ್ಲ ಇಟ್ಕೊಳ್ಳಿ, ಆಮೇಲೂ ಎಷ್ಟು ಉಳಿಯುತ್ತೆ ನೀವೇ ನೋಡಿ. ಆ ಉಳಿದದ್ದು ಹೆಸರಿಗೆ ಕೊಡೋ ದುಡ್ಡು. ಬರ್ಬೆರಿ ಅನ್ನೋ ಬ್ರಿಟನ್ನಿನ ಫ್ಯಾಷನ್ ಕಂಪನಿ 2018ರಲ್ಲಿ ತಾನೇ ವರದಿಯಲ್ಲಿ ಬರೀತು, ಒಂದೇ ವರ್ಷದಲ್ಲಿ 2.8 ಕೋಟಿ ಪೌಂಡ್‌ಗೂ ಮೀರಿದ ಮಾಲನ್ನ ನಾಶ ಮಾಡಿದ್ದೀವಿ ಅಂತ, ಜನ ಬೈದ ಮೇಲೆ ಆ ಸೆಪ್ಟೆಂಬರಲ್ಲಿ ಸುಡೋದನ್ನ ನಿಲ್ಲಿಸ್ತೀವಿ ಅಂದ್ರು. ಕಮ್ಮಿ ಬೆಲೆಗೆ ಮಾರಿ ಹೆಸರು ಅಗ್ಗ ಆಗೋದಕ್ಕಿಂತ ಸುಡೋದೇ ಅವರಿಗೆ ಲಾಭ ಅನ್ಸಿತ್ತು ಅಂದ್ರೆ ಬೆಲೆ ನಿಂತಿರೋದು ಯಾವುದರ ಮೇಲೆ ಅಂತ ಗೊತ್ತಾಗುತ್ತಲ್ಲ. ಬ್ಯಾಗ್ ತಗೊಳೋಕಾಗಲ್ಲ ಅಂತ ಕನ್ನಡಕ ತಗೊಳೋರಿಗೂ ಒಂದು ಮಾತು, ಶನೆಲ್, ಪ್ರಾಡಾ ಇವರ ಕನ್ನಡಕ ಮಾಡೋದು ಅವರಲ್ಲ, ಲಕ್ಸಾಟಿಕಾ ಅನ್ನೋ ಕಂಪನಿ ಲೈಸೆನ್ಸ್ ತಗೊಂಡು ಮಾಡುತ್ತೆ, ರೇಬ್ಯಾನ್ ಕೂಡ ಅದರದ್ದೇ.

ಹಾಗಂತ ಎಲ್ಲಾ ಬರೀ ಹೆಸರು ಅಂತ ನಾನು ಹೇಳಲ್ಲ, ಹಾಗೆ ಹೇಳೋರ ಮೇಲೂ ನನಗೆ ಕೋಪ ಬರುತ್ತೆ, ಅವರು ಒಳ್ಳೆ ಹೊಲಿಗೆ ನೋಡಿರಲ್ಲ. ಏರ್ಮೆಸ್ 1837ರಲ್ಲಿ ಶುರುವಾಗಿದ್ದು ಕುದುರೆ ಸಜ್ಜು ಮಾಡೋ ಅಂಗಡಿಯಾಗಿ. ಅಲ್ಲಿಂದ ಬಂದ ಹೊಲಿಗೆ ಒಂದಿದೆ, ಸ್ಯಾಡಲ್ ಸ್ಟಿಚ್. ಒಂದೇ ದಾರ, ಎರಡು ತುದಿಗೂ ಒಂದೊಂದು ಸೂಜಿ, ಪ್ರತಿ ತೂತಿಂದಲೂ ಎರಡೂ ಸೂಜಿ ಎದುರುಬದುರಾಗಿ ಹಾದು ಹೋಗುತ್ತೆ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರ ಕೊಂಡಿ ಹಾಕ್ಕೊಂಡಿರುತ್ತೆ, ಒಂದು ಕಡೆ ತುಂಡಾದ್ರೆ ಸರಸರ ಬಿಚ್ಚಿ ಬರುತ್ತೆ. ಸ್ಯಾಡಲ್ ಸ್ಟಿಚ್ಚಲ್ಲಿ ಒಂದು ಕಡೆ ತುಂಡಾದ್ರೂ ಇನ್ನೊಂದು ಕಡೆ ದಾರ ಹಿಡ್ಕೊಂಡಿರುತ್ತೆ. ಆ ರಿಪೇರಿ ಹಿರಿಯರು ಒಂದು ಹಳೇ ಬೆಲ್ಟಲ್ಲಿ ಇದನ್ನ ನನಗೆ ಮಾಡಿ ತೋರಿಸಿದ್ರು, ಬ್ಲೇಡಲ್ಲಿ ಒಂದು ಹೊಲಿಗೆ ಕತ್ತರಿಸಿ "ಎಳೀರಿ" ಅಂದ್ರು, ಎಳೆದೆ, ಅಲ್ಲಾಡ್ಲಿಲ್ಲ. ಆ ಕೆಲಸಕ್ಕೆ ದುಡ್ಡು ಕೊಡಬೇಕು, ಕೊಡ್ಲೇಬೇಕು. ಆದ್ರೆ ಅದೇ ಹೊಲಿಗೆ ಹೆಸರಿಲ್ಲದವರ ಕೈಯಲ್ಲೂ ಸಿಗುತ್ತೆ, ದೊಡ್ಡ ಹೆಸರಿರೋ ಎಷ್ಟೋ ಬ್ಯಾಗಲ್ಲಿ ಸಿಗಲ್ಲ. ಲೂಯಿ ವಿಟಾನ್‌ನ ಆ ಹೂವು, ಅಕ್ಷರದ ಡಿಸೈನ್ ಎಲ್ಲರಿಗೂ ಗೊತ್ತು, 1896ರಿಂದ ಇದೆ, ಆದ್ರೆ ಅದು ಚರ್ಮ ಅಲ್ಲ, ಕೋಟಿಂಗ್ ಕೊಟ್ಟ ಕ್ಯಾನ್ವಾಸ್ ಬಟ್ಟೆ, ಎಷ್ಟೋ ಜನ ತಗೊಂಡ ಮೇಲೂ ಚರ್ಮ ಅಂತಲೇ ತಿಳ್ಕೊಂಡಿರ್ತಾರೆ. ಕ್ಯಾನ್ವಾಸ್ ಕೆಟ್ಟದ್ದು ಅಂತಲ್ಲ, ಗಟ್ಟಿನೇ, ತಗೊಳ್ಳೋರಿಗೆ ಗೊತ್ತಿರಬೇಕು ಅಷ್ಟೇ.

ನೀವು ನೋಡೋಕೆ ಹೋದಾಗ ಮೊದಲು ಬ್ಯಾಗಿನ ಒಳಗೆ ನೋಡಿ, ಹೊರಗಡೆ ಆಮೇಲೆ. ಒಳಜೇಬಿಗೆ ಕೈ ಹಾಕಿ ಲೈನಿಂಗ್ ಬಟ್ಟೆನಾ, ಚರ್ಮನಾ, ಪಿಯುನಾ ಅಂತ ಬಾಯಿಬಿಟ್ಟು ಕೇಳಿ. ಹಿಡಿ ಬ್ಯಾಗಿಗೆ ಸೇರೋ ಜಾಗ ನೋಡಿ, ಭಾರ ಎಲ್ಲ ಬೀಳೋದು ಅಲ್ಲಿ. ಅಂಚು ಮಡಚಿ ಹೊಲಿದಿದ್ದಾರಾ, ಕತ್ತರಿಸಿ ಬಣ್ಣ ಹಚ್ಚಿದ್ದಾರಾ ನೋಡಿ, ಬಣ್ಣ ಹಚ್ಚಿದ್ದು ಎಂದಾದ್ರೂ ಬಿರುಕು ಬಿಡುತ್ತೆ, ಅದನ್ನ ಮತ್ತೆ ಹಚ್ಚಿಕೊಡ್ತಾರಾ ಅಂತ ಕೇಳಿ. ಹೆಬ್ಬೆರಳಲ್ಲಿ ಚರ್ಮ ಒತ್ತಿ, ಒಳ್ಳೆ ಮೇಲ್ಪದರದ ಚರ್ಮ ಸುತ್ತ ಸಣ್ಣ ಸಣ್ಣ ಸುಕ್ಕಾಗುತ್ತೆ, ದಪ್ಪ ಕೋಟಿಂಗ್ ಇದ್ರೆ ರಬ್ಬರ್ ಹಾಗೆ ಗುಳಿ ಬಿದ್ದು ಎದ್ದೇಳುತ್ತೆ. ಕೊಂಡಿ, ಬಕಲ್ ಹಿತ್ತಾಳೆದಾ ಅಂತ ಕೇಳಿ, ಸತುವಿನ ಮಿಶ್ರಲೋಹ ಆದ್ರೆ ಹಗುರ ಇರುತ್ತೆ, ಒಂದಿನ ಫಟ್ ಅಂತ ಮುರಿಯುತ್ತೆ. ಇಷ್ಟೆಲ್ಲ ಕೇಳಿದ್ರೆ ಏನಂದ್ಕೊಳ್ತಾರೋ ಅನ್ಸುತ್ತೆ, ನನಗೂ ಅನ್ಸಿತ್ತು, ಆ ಸಂಕೋಚಕ್ಕೇ ನಾನು ಏನೂ ಕೇಳ್ದೆ ಬಂದಿದ್ದು.

ಇನ್ನೊಂದು ಲೆಕ್ಕ ಮಾಡಿ. ಈ ಬ್ಯಾಗನ್ನ ನಾಳೆ ಮಳೇಲಿ, ಬಸ್ಸಲ್ಲಿ, ಸೀಟಿನ ಕೆಳಗಿಟ್ಕೊಂಡು ಹೋಗೋಕೆ ನಿಮಗೆ ಮನಸ್ಸು ಬರುತ್ತಾ? ಬರುತ್ತೆ ಅಂದ್ರೆ ತಗೊಳ್ಳಿ, ಯಾವ ಹೆಸರಾದ್ರೂ ಸರಿ, ಯಾರ ಮಾತೂ ಕೇಳ್ಬೇಡಿ. ಬರಲ್ಲ ಅಂದ್ರೆ ಅದು ಸದ್ಯಕ್ಕೆ ನಿಮ್ಮ ಕೈಗೆ ಮೀರಿದ ಬ್ಯಾಗು, ಬೋನಸ್ ಇಡೀ ಹೋದ್ರೂ ನೀವು ಅದನ್ನ ಬಳಸಲ್ಲ, ಕಾವಲು ಕಾಯ್ತೀರ. ಎರಡನೇ ಕೈಯದ್ದು ತಗೊಳ್ಳೋದು ನನ್ನ ಪ್ರಕಾರ ಒಳ್ಳೇದು, ಯಾಕಂದ್ರೆ ಹತ್ತು ವರ್ಷ ಬಳಸಿಯೂ ಗಟ್ಟಿಯಿರೋ ಬ್ಯಾಗು ಕಣ್ಣೆದುರೇ ತನ್ನ ಪರೀಕ್ಷೆ ಪಾಸಾಗಿರುತ್ತೆ, ನಕಲಿ ಹಾವಳಿ ಜಾಸ್ತಿ ಅನ್ನೋದೊಂದು ಬಿಟ್ರೆ. ಮನೇಲಿ ಇಡೋದಾದ್ರೆ ಒಳಗೆ ಕಾಗದ ತುಂಬಿ, ಹತ್ತಿ ಬಟ್ಟೆ ಚೀಲದಲ್ಲಿ, ಗಾಳಿ ಆಡೋ ಕಡೆ ಇಡಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ. ಮತ್ತೊಮ್ಮೆ ಹೇಳ್ತೀನಿ, ಪ್ಲಾಸ್ಟಿಕ್ ಬೇಡ, ಟೇಪ್ ಬೇಡ, ಒಳಜೇಬಲ್ಲಿ ಬಿಲ್ಲು ಬೇಡ.

ನನ್ನ ಈಗಿನ ಬ್ಯಾಗು ಆ ಹಿರಿಯರೇ ಹೊಲಿದು ಕೊಟ್ಟಿದ್ದು, ಮೂರು ವರ್ಷ ಆಯ್ತು, ಮೇಲೆ ಯಾವ ಹೆಸರೂ ಇಲ್ಲ. ನಾನು ದಿನಾ ಹಿಡಿಯೋ ಜಾಗದಲ್ಲಿ ಚರ್ಮ ಕಪ್ಪಗಾಗಿ ನುಣುಪಾಗಿದೆ, ಒಂದು ಮೂಲೇಲಿ ಪೆನ್ನಿನ ಇಂಕು ಚೆಲ್ಲಿದ ಕಲೆ ಇದೆ. ಆಫೀಸಲ್ಲಿ ಮೇಜಿನ ಮೇಲೆ ಇಡ್ತೀನಿ. ನೀವು ನೋಡಿರೋ ಮಾಡೆಲ್ ಯಾವುದು ಅಂತ ಬರೆದಿಲ್ಲ, ಅಂಗಡಿಗೆ ಹೋದಾಗ ಲೈನಿಂಗ್ ಏನು ಅಂತ ಕೇಳಿ, ಅವರು ಏನಂದ್ರು ಅಂತ ಇಲ್ಲೇ ಕೆಳಗೆ ಬರೀರಿ, ಬೋನಸ್ ಖರ್ಚಾಗೋದಕ್ಕೆ ಮುಂಚೆ.